ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ?

ಚೊಚ್ಚಲ ಹೆರಿಗೆಯಾಗಿ ಏಳು ವಾರ, ಹೆಣ್ಣುಮಗು. ಅರಸೀಕೆರೆ ಹತ್ತಿರದ ತವರಿನಲ್ಲಿ ಬಾಣಂತನ. ಯಜಮಾನರು ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಹೋಗ್ತಾರೆ. ಮಗು ಮಲಗಿದರೂ ನನಗೆ ನಿದ್ದೆ ಬರಲ್ಲ, ಸುಮ್ಸುಮ್ಮನೆ ಅಳು. ಮೂರು ವಾರದಿಂದ ಭಯಂಕರ ಯೋಚನೆಗಳು. ಈಳಿಗೆಮಣೆ ಕಂಡರೆ ಸಾಕು, ಮಗುವಿಗೆ ನಾನೇ ಏನಾದರೂ ಮಾಡಿಬಿಡ್ತೀನೇನೋ ಅನ್ನಿಸುತ್ತೆ. ನೀರು ಹಾಕುವಾಗ ಮುಳುಗಿಸಿಬಿಟ್ಟ ಹಾಗೆ ಕಣ್ಣಿಗೆ ಕಟ್ಟುತ್ತೆ. ಅಡುಗೆಮನೆಗೆ ಹೋಗೋದೇ ಬಿಟ್ಟಿದ್ದೀನಿ. ಅಮ್ಮ ದೃಷ್ಟಿ ತೆಗೆದರು. ನನಗೆ ಬಾಣಂತಿ ಸನ್ನಿಯೇ? ಡಾಕ್ಟರಿಗೆ ಹೇಳಿದರೆ ಮಗುವನ್ನು ಕಿತ್ತುಕೊಳ್ತಾರಾ? ಮಾತ್ರೆ ತಗೊಂಡರೆ ಎದೆಹಾಲು ಬಿಡಿಸಬೇಕಾ?
— ಹೆಸರು ಬೇಡ

ನೀವು ಬರೆದಷ್ಟನ್ನು ನೋಡಿದರೆ ಇದು ಸನ್ನಿಯ ಹಾಗೆ ಕಾಣುವುದಿಲ್ಲ. ಸನ್ನಿ ಬರುವುದು ಸಾವಿರ ಹೆರಿಗೆಗೆ ಒಂದೋ ಎರಡೋ, ಅದೂ ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಅಲ್ಲಿ ಬಾಣಂತಿಗೆ ತನ್ನ ಯೋಚನೆ ಸರಿ ಎಂದೇ ಅನ್ನಿಸುತ್ತಿರುತ್ತದೆ. ಮಗುವಿನೊಳಗೆ ಏನೋ ಸೇರಿಕೊಂಡಿದೆ ಎಂದೋ, ಆಸ್ಪತ್ರೆಯಲ್ಲಿ ಮಗುವನ್ನು ಬದಲಾಯಿಸಿದ್ದಾರೆ ಎಂದೋ ಗಟ್ಟಿಯಾಗಿ ನಂಬುತ್ತಾಳೆ. ಯಾರೋ ಮಾತಾಡಿದ್ದು ಕೇಳಿಸುತ್ತದೆ. ಎರಡು ಮೂರು ರಾತ್ರಿ ಕಣ್ಣು ಮುಚ್ಚದಿದ್ದರೂ ದಣಿವೇ ಇರುವುದಿಲ್ಲ. ನಿಮಗಾದರೋ ಆ ಯೋಚನೆ ಬಂದರೆ ಎದೆ ಝಲ್ಲೆನ್ನುತ್ತದೆ, ಅದರಿಂದ ತಪ್ಪಿಸಿಕೊಳ್ಳಲು ಅಡುಗೆಮನೆಯನ್ನೇ ಬಿಟ್ಟಿದ್ದೀರಿ. ಇದನ್ನು ಗೀಳು ಯೋಚನೆ ಅನ್ನುತ್ತಾರೆ. ಬಾಣಂತಿಯರ ಖಿನ್ನತೆಯ ಜೊತೆ ಇದು ಬರುವುದು ಬಹಳ ಸಾಮಾನ್ಯ. ಮಗುವಿಗೆ ತಾನೇ ಕೇಡು ಮಾಡಿಬಿಟ್ಟಂತೆ ಒಂದು ಕ್ಷಣ ಅನ್ನಿಸುವುದಂತೂ, ಕೇಳಿ ನೋಡಿದ ಅಧ್ಯಯನಗಳಲ್ಲಿ, ಸುಮಾರು ಅರ್ಧದಷ್ಟು ತಾಯಂದಿರಿಗೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ. ಗೀಳು ಯೋಚನೆಯಿಂದ ತಾಯಿ ಮಗುವಿಗೆ ಅಪಾಯ ಮಾಡುವ ಸಂಭವ ತೀರಾ ಕಡಿಮೆ.

ಹಾಗಂತ ಪತ್ರ ಓದಿ ಕಾಯಿಲೆಗೆ ಹೆಸರಿಡಲಾಗದು. ಮೇಲೆ ಹೇಳಿದ ಸನ್ನಿಯ ಲಕ್ಷಣಗಳಲ್ಲಿ ಒಂದೇ ಒಂದು ಕಂಡರೂ ಅದೇ ದಿನ ಆಸ್ಪತ್ರೆ. ಅಲ್ಲಿಗೆ ಹೋಗುವವರೆಗೆ ತಾಯಿಯನ್ನಾಗಲಿ ಮಗುವನ್ನಾಗಲಿ ಒಂಟಿಯಾಗಿ ಬಿಡಬಾರದು. ನೀವು ಬರೆಯದೇ ಬಿಟ್ಟ ಇನ್ನೊಂದನ್ನೂ ನೇರವಾಗಿ ಕೇಳುತ್ತೇವೆ: ‘ನಾನೇ ಇಲ್ಲದಿದ್ದರೆ ವಾಸಿ’ ಅನ್ನಿಸಿದ್ದುಂಟೆ? ಉಂಟಾದರೆ ನಾಳೆ, ನಾಡಿದ್ದು ಎಂದು ಕಾಯಬೇಡಿ. ಪಕ್ಕದಲ್ಲಿ ಯಾರಿದ್ದರೆ ಅವರಿಗೆ ಈಗಲೇ ಹೇಳಿ, 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತುರ್ತಿದ್ದರೆ 108 ಆಂಬುಲೆನ್ಸ್.

ಹೆರಿಗೆಯ ಮೂರನೇ ದಿನದಿಂದ ಐದನೇ ದಿನದ ಹೊತ್ತಿಗೆ ಬರುವ ಅಳು ಎರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ನಿಮ್ಮದು ಏಳು ವಾರ ದಾಟಿದೆ, ಮಗು ಮಲಗಿದಾಗಲೂ ನಿದ್ದೆಯಿಲ್ಲ. ಹಾಗಾಗಿ ‘ತಾನಾಗಿ ಹೋಗುತ್ತೆ ಬಿಡು’ ಅನ್ನುವವರ ಮಾತು ಈಗ ಬೇಡ. ಹಲವು ಜಿಲ್ಲೆಗಳಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವತ್ತು ಎಂದು ಆಶಾ ಕಾರ್ಯಕರ್ತೆಯಿಂದ ಕೇಳಿಸಿ. ಅದಾಗದಿದ್ದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ.

ವೈದ್ಯರ ಮುಂದೆ ಕೂತರೆ ಬಾಯಿ ಕಟ್ಟುತ್ತದೆ. ಜೊತೆಗೆ ಅಮ್ಮ ಇದ್ದರಂತೂ ‘ಸ್ವಲ್ಪ ಸುಸ್ತು ಡಾಕ್ಟ್ರೇ’ ಎಂದಷ್ಟೇ ಹೇಳಿ ಎದ್ದು ಬರುತ್ತೀರಿ. ಕೊಟ್ಟರೆ ಒಂದು ಕಬ್ಬಿಣದ ಟಾನಿಕ್ಕು ಕೊಟ್ಟು ಕಳಿಸುತ್ತಾರೆ. ಆದ್ದರಿಂದ ಮನೆಯಲ್ಲೇ ಚೀಟಿ ಬರೆದುಕೊಳ್ಳಿ: ‘ಹೆರಿಗೆಯಾಗಿ ಏಳು ವಾರ. ಮಗು ಮಲಗಿದರೂ ನನಗೆ ನಿದ್ದೆಯಿಲ್ಲ. ಮಗುವಿಗೆ ಕೇಡು ಮಾಡಿಬಿಡುವ ಯೋಚನೆ ಮೂರು ವಾರದಿಂದ ಬರ್ತಿದೆ, ನನಗೆ ಅದು ಬೇಡ, ಹೆದರಿಕೆ ಆಗುತ್ತೆ. ಎದೆಹಾಲು ಕೊಡ್ತಿದ್ದೀನಿ.’ ಚೀಟಿಯನ್ನೇ ಕೈಗೆ ಕೊಡಿ. ಎಡಿನ್‌ಬರೊ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟಾರು, ಕನ್ನಡದಲ್ಲೂ ಇದೆ. ಕಳೆದ ಏಳು ದಿನದ ಲೆಕ್ಕ, ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಸಂಭವ ಹೆಚ್ಚು. ಚೆನ್ನಾಗಿ ಕಾಣಲಿ ಎಂದು ಅಂಕ ಇಳಿಸಬೇಡಿ, ಇದು ಪಾಸಾಗಬೇಕಾದ ಪರೀಕ್ಷೆಯಲ್ಲ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೊಗ್ಲೋಬಿನ್, ಬಿ12 ಪರೀಕ್ಷೆ ಬೇಕೇ ಎಂದೂ ಕೇಳಿ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೆ ಎದೆ ಬಡಿತ, ನಿದ್ದೆಗೇಡು, ಕಳವಳ ಎಲ್ಲ ಇದೇ ಥರ ಇರುತ್ತವೆ.

ಹೇಳಿಕೊಂಡಿದ್ದಕ್ಕೆ ಮಗುವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ದಾಖಲಾಗಬೇಕಾಗಿ ಬಂದರೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಅಗಲಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಾರ್ಡ್ ಇದೆ.

ಮಾತ್ರೆ ಬೇಕಾದರೆ ಎದೆಹಾಲು ಕೊಡುವವರಿಗೆ ಸಾಮಾನ್ಯವಾಗಿ ಮೊದಲು ಬರೆಯುವುದು ಸರ್ಟ್ರಲೀನ್. ಹಾಲಿಗೆ ಸೇರುವುದು ಅತ್ಯಲ್ಪ, ಹಾಲು ಬಿಡಿಸಬೇಕಾಗಿಲ್ಲ. ಎಡವಟ್ಟಾಗುವುದು ಮೊದಲ ಹತ್ತು ದಿನದಲ್ಲಿ. ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಕಳವಳ ಇನ್ನೂ ಹೆಚ್ಚಾದಂತಾಗುತ್ತದೆ, ‘ನನಗೆ ಒಗ್ಗಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಗೀಳು ಯೋಚನೆ ಇಳಿಯಲು ಇನ್ನೂ ಹೆಚ್ಚು. ವಾಸಿಯಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸುವುದು ರೂಢಿ. ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ಮಾತ್ರ ತರಿಸಲೇಬೇಡಿ. ಆ ಮಂಪರಿನಲ್ಲಿ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವುದು ಅಪಾಯ.

ಇನ್ನು ಮನೆಯವರಿಗೆ. ಬಾಣಂತನದಲ್ಲಿ ಎಣ್ಣೆನೀರು, ಮೆಣಸಿನ ಸಾರು ಎಲ್ಲ ಲೆಕ್ಕವಾಗಿ ನಡೆಯುತ್ತದೆ, ರಾತ್ರಿ ನಿದ್ದೆಯ ಲೆಕ್ಕ ಮಾತ್ರ ಯಾರೂ ಇಡುವುದಿಲ್ಲ. ಈಕೆಗೆ ಸತತ ಐದು ಗಂಟೆ ನಿದ್ದೆ ಬೇಕು. ರಾತ್ರಿ ಹತ್ತಕ್ಕೆ ಹಾಲು ಕೊಟ್ಟು ಬೇರೆ ಕೋಣೆಗೆ ಹೋಗಲಿ. ಮೂರರವರೆಗೆ ಮಗು ಅಜ್ಜಿಯದು, ಶನಿವಾರ ಅಪ್ಪನದು. ನಡುವಿನ ಒಂದು ಹೊತ್ತಿಗೆ 60ರಿಂದ 90 ಎಂಎಲ್ ಹಾಲನ್ನು ಕೈಯಿಂದ ಹಿಂಡಿ, ಕುದಿಸಿದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಡಬಹುದು. ಹೊರಗಾದರೆ ನಾಲ್ಕು ಗಂಟೆ ತಡೆಯುತ್ತದೆ. ಸೆಕೆ ಇದ್ದರೆ ಫ್ರಿಜ್ಜಿಗೆ. ಬಟ್ಟಲನ್ನು ಬಿಸಿನೀರಲ್ಲಿ ಕೂರಿಸಿ ಬೆಚ್ಚಗಾಗಿಸಿ, ಒಲೆಯ ಮೇಲೆ ಇಡಬೇಡಿ. ಒಳಲೆಯಲ್ಲಿ ಕುಡಿಸುವುದು ಅಜ್ಜಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಮಗುವನ್ನು ಎತ್ತರಿಸಿ ಹಿಡಿದು ತುಟಿಗೆ ತಾಗಿಸಬೇಕು, ಗಂಟಲಿಗೆ ಸುರಿಯಬಾರದು. ಎದೆ ಬಿಗಿದು ಎಚ್ಚರವಾದರೆ ಸ್ವಲ್ಪ ಹಿಂಡಿ ಮತ್ತೆ ಮಲಗಲಿ. ದೃಷ್ಟಿ ತೆಗೆದರೆ ನಷ್ಟವಿಲ್ಲ, ಅದಕ್ಕಾಗಿ ಆಸ್ಪತ್ರೆ ಮುಂದೂಡಿದರೆ ನಷ್ಟ. ಕತ್ತಲೆ ಕೋಣೆ, ನೀರಿಗೆ ಕಟ್ಟುನಿಟ್ಟು, ಸಾಂಬ್ರಾಣಿ ಹೊಗೆ ಮೂರನ್ನೂ ಬಿಡಿ. ‘ಹೆಣ್ಣಾ?’ ಎಂದು ರಾಗ ಎಳೆಯುವ ನೆಂಟರನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳಿಸಿ.

ನೀವು ಈಗ ಮಾಡುತ್ತಿರುವ ಒಂದು ತಪ್ಪು, ದೂರ ಸರಿಯುವುದು. ಈಳಿಗೆಮಣೆಗೆ ಹೆದರಿ ಅಡುಗೆಮನೆ ಬಿಟ್ಟಾಗಲೆಲ್ಲ ‘ಬಿಟ್ಟಿದ್ದಕ್ಕೇ ಮಗು ಉಳಿಯಿತು’ ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಹೆದರಿಕೆ ಬಲಿಯುತ್ತದೆ. ಇದು ಗೀಳೇ ಎಂದು ವೈದ್ಯರು ಖಚಿತಪಡಿಸಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ವಾಪಸ್ ಬನ್ನಿ. ಮೊದಲ ಎರಡು ಮೂರು ದಿನ ಅಮ್ಮ ಮಗುವಿಗೆ ನೀರು ಹಾಕುವಾಗ ಟವೆಲ್ ಹಿಡಿದು ಪಕ್ಕದಲ್ಲಿ ಕೂತಿರಿ. ಆಮೇಲೆ ಚೊಂಬು ನಿಮ್ಮ ಕೈಗೆ, ಮಗು ಅಮ್ಮನ ಕಾಲ ಮೇಲೆ. ಅದು ಒಗ್ಗಿದಾಗ ಮಗು ನಿಮ್ಮ ಕಾಲ ಮೇಲೆ. ಯೋಚನೆ ಬಂದೇ ಬರುತ್ತದೆ. ಓಡಿಸಲು ಹೋಗದೆ, ವಾದಕ್ಕಿಳಿಯದೆ, ‘ಓ, ಬಂತು’ ಎಂದುಕೊಂಡು ಮುಂದಿನ ಚೊಂಬು ಹಾಕಿ.