ಒಬ್ಬನಿಗೆ ಸೈಕಲ್, ಇನ್ನೊಬ್ಬನಿಗೆ ಬೆಟ್ಟ: ಜಪಾನಿನ ಶಿಮಾನಾಮಿ ಹಾದಿ ಮತ್ತು ಇಶಿಜುಚಿ

ಗೆಳೆಯನೊಂದಿಗೆ ಸೈಕಲ್ ಸವಾರಿಯೂ ಚಾರಣವೂ ಸೇರಿದ ವಿದೇಶ ಪ್ರವಾಸ ಮಾಡಬೇಕೆಂದಿದ್ದೀರಿ, ಆದರೆ ಇಬ್ಬರ ಕಸುವು ಒಂದೇ ಸಮನಾಗಿಲ್ಲ, ಎಲ್ಲಿಗೆ ಹೋಗಬಹುದು ಎಂದು ಕೇಳಿದ್ದೀರಿ. ನಮ್ಮ ಸ್ಥಿತಿಯೂ ಹೀಗೆಯೇ ಇತ್ತು. ನನ್ನ ಗೆಳೆಯ ಭಾನುವಾರ ಬಂದರೆ ನಸುಕಿನಲ್ಲೇ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವನು. ನಾನು ಕೊಡಚಾದ್ರಿ, ಕುಮಾರ ಪರ್ವತಗಳನ್ನು ಹತ್ತಿಕೊಂಡು ಬೆಳೆದವನು, ಸೈಕಲ್ಲಿನ ಮೇಲೆ ಇಪ್ಪತ್ತು ಕಿ.ಮೀ. ದಾಟಿದರೆ ತೊಡೆ ಹಿಡಿದುಕೊಳ್ಳುತ್ತಿತ್ತು. ಆದ್ದರಿಂದ ಮೊದಲರ್ಧ ಅವನಿಗೂ ಉಳಿದರ್ಧ ನನಗೂ ಒಗ್ಗುವ ಜಾಗವನ್ನು ಹುಡುಕಿದೆವು. ಸಿಕ್ಕಿದ್ದು ಜಪಾನಿನ ಶಿಮಾನಾಮಿ ಕೈದೊ ಎಂಬ ಸೈಕಲ್ ಹಾದಿ ಮತ್ತು ಅದು ಮುಗಿಯುವಲ್ಲಿಂದ ಹೆಚ್ಚು ದೂರವಿಲ್ಲದ ಇಶಿಜುಚಿ ಪರ್ವತ. ಅಕ್ಟೋಬರ್ ಕೊನೆಯಲ್ಲಿ ಹೊರಟೆವು.

ಈ ಹಾದಿ ಹಿರೋಶಿಮಾ ಪ್ರಾಂತ್ಯದ ಒನೊಮಿಚಿಯಿಂದ ಶಿಕೊಕು ದ್ವೀಪದ ಇಮಾಬಾರಿಯವರೆಗೆ, ಒಳಸಮುದ್ರದ ಆರು ದ್ವೀಪಗಳನ್ನು ಸೇತುವೆಗಳ ಮೇಲೆ ದಾಟುತ್ತ, ಸುಮಾರು 70 ಕಿ.ಮೀ. ಸಾಗುತ್ತದೆ. ಮೊದಲ ದ್ವೀಪಕ್ಕೆ ಮಾತ್ರ ಸೈಕಲ್ಲನ್ನು ದೋಣಿಗೆ ಹಾಕಿಕೊಂಡು ಕೆಲವೇ ನಿಮಿಷಗಳಲ್ಲಿ ದಾಟಬೇಕು. ಜಪಾನಿನಲ್ಲಿಯೂ ವಾಹನಗಳು ನಮ್ಮಲ್ಲಿಯಂತೆ ರಸ್ತೆಯ ಎಡಗಡೆಯೇ ಚಲಿಸುವುದರಿಂದ ಮೊದಲ ಗಂಟೆಯಲ್ಲೇ ಅಂಜಿಕೆ ಬಿಟ್ಟಿತು. ರಸ್ತೆಯಂಚಿನಲ್ಲಿ ಬಳಿದಿರುವ ನೀಲಿ ಗೆರೆಯನ್ನು ಹಿಡಿದು ಹೋದರೆ ಸಾಕು, ದಾರಿ ತಪ್ಪುವುದಿಲ್ಲ. ಇನ್ನೆಷ್ಟು ದೂರವಿದೆ ಎಂಬುದನ್ನೂ ಆ ಗೆರೆಯ ಪಕ್ಕದಲ್ಲೇ ಬರೆದಿರುತ್ತಾರೆ. ಸೇತುವೆಗಳು ಸಮುದ್ರದಿಂದ ಬಹಳ ಎತ್ತರದಲ್ಲಿದ್ದರೂ ಸೈಕಲ್ಲಿಗಾಗಿ ಮಾಡಿದ ಏರುದಾರಿ ಕಿತ್ತಳೆ ತೋಟಗಳ ನಡುವೆ ಸುತ್ತಿ ಸುತ್ತಿ ನಿಧಾನವಾಗಿ ಏರುವುದರಿಂದ ನನ್ನಂಥವನೂ ಇಳಿದು ತಳ್ಳಬೇಕಾಗಲಿಲ್ಲ. ಇನ್ನೊಶಿಮಾ ಸೇತುವೆಯಲ್ಲಂತೂ ಸೈಕಲ್ ದಾರಿ ರಸ್ತೆಯ ಕೆಳಗಿದೆ. ತಲೆಯ ಮೇಲೆ ಲಾರಿಗಳ ಗುಡುಗು, ಎರಡೂ ಪಕ್ಕ ಕಬ್ಬಿಣದ ಜಾಲರಿ, ಅದರಾಚೆ ಸಮುದ್ರ.

ನಾವು ಎರಡು ದಿನ ತೆಗೆದುಕೊಂಡೆವು. ಗೆಳೆಯನೊಬ್ಬನೇ ಆಗಿದ್ದರೆ ಒಂದೇ ದಿನದಲ್ಲಿ ಮುಗಿಸುತ್ತಿದ್ದ. ಆದರೂ ಅವನು ಪ್ರತಿ ಏರಿನ ತುದಿಯಲ್ಲಿ ನಿಂತು ಕಾಯುತ್ತಿದ್ದ, ನಾನು ತಲುಪಿದ ಮೇಲೂ ನನ್ನ ಉಸಿರು ಇಳಿಯುವವರೆಗೆ ಹೊರಡುವ ಮಾತೆತ್ತುತ್ತಿರಲಿಲ್ಲ. ನಿಂಬೆಗೆ ಹೆಸರಾದ ಇಕುಚಿಜಿಮಾದಲ್ಲಿ ರಸ್ತೆ ಬದಿಗೊಂದು ಮರದ ಗೂಡು ಕಂಡಿತು. ಮಾರುವವರು ಯಾರೂ ಇಲ್ಲ. ಚೀಲಗಳಲ್ಲಿ ಇನ್ನೂ ಹಸಿರಾಗಿದ್ದ ನಿಂಬೆ, ಪಕ್ಕದಲ್ಲಿ ನಾಣ್ಯ ಹಾಕುವ ಡಬ್ಬಿ. ನೂರು ಯೆನ್ ಹಾಕಿ ಒಂದು ಚೀಲ ಕೊಂಡು, ನಮ್ಮ ನೀರಿನ ಬಾಟಲಿಗೆ ಹಿಂಡಿ ಉಪ್ಪು ಸೇರಿಸಿ ಕುಡಿದೆವು. ಕೊನೆಯ ಕುರುಶಿಮಾ ಸೇತುವೆ ಮೂರು ತೂಗುಸೇತುವೆಗಳನ್ನು ಸಾಲಾಗಿ ಬೆಸೆದದ್ದು, 1999ರಲ್ಲಿ ತೆರೆದದ್ದು, ಸುಮಾರು 4 ಕಿ.ಮೀ. ಉದ್ದ. ಕೆಳಗೆ ಉಬ್ಬರವಿಳಿತದ ನೀರು ತುಂಬಿದ ಹೊಳೆಯಂತೆ ಸುಳಿ ಸುತ್ತುತ್ತ ಹರಿಯುವುದನ್ನು ನೋಡುತ್ತ ಇಬ್ಬರೂ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದೆವು.

ಇಮಾಬಾರಿಯಲ್ಲಿ ಸೈಕಲ್ ಹಿಂತಿರುಗಿಸಿ, ರೈಲಿನಲ್ಲಿ ಸೈಜೊ ತಲುಪಿ, ಮರುದಿನ ಬೆಳಿಗ್ಗೆ ಬಸ್ಸು ಮತ್ತು ರೋಪ್‌ವೇ ಹಿಡಿದು ಸುಮಾರು 1300 ಮೀಟರ್ ಎತ್ತರಕ್ಕೆ ಹೋದೆವು. ಇಶಿಜುಚಿ 1982 ಮೀಟರ್ ಎತ್ತರದ್ದು, ನಮ್ಮ ಮುಳ್ಳಯ್ಯನಗಿರಿಗಿಂತ ತುಸುವೇ ಹೆಚ್ಚು, ಆದರೆ ಪಶ್ಚಿಮ ಜಪಾನಿನಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಪರ್ವತವನ್ನೇ ದೈವವೆಂದು ನಂಬಿ ತಪಸ್ಸು ಮಾಡುತ್ತ ಬಂದ ಸಾಧಕರ ಪರಂಪರೆಯ ಯಾತ್ರಾಸ್ಥಳ ಇದು. ಬಂಡೆಗಳ ಮೇಲಿಂದ ಇಳಿಬಿಟ್ಟ ಕಬ್ಬಿಣದ ಸರಪಳಿಗಳನ್ನು ಹಿಡಿದು ಮೇಲೇರುವುದೇ ಇಲ್ಲಿನ ಪದ್ಧತಿ, ಹೆದರುವವರಿಗೆ ಪಕ್ಕದಲ್ಲಿ ಮೆಟ್ಟಿಲುದಾರಿಯೂ ಇದೆ. ಸರಪಳಿಯ ಒಂದೊಂದು ಕೊಂಡಿಯೂ ಬೂಟಿನ ತುದಿ ಹಿಡಿಸುವಷ್ಟು ದೊಡ್ಡದು. ಮಂಜಿನಲ್ಲಿ ತೋಯ್ದು ತಣ್ಣಗಿದ್ದ ಆ ಕಬ್ಬಿಣದ ವಾಸನೆ ರಾತ್ರಿಯವರೆಗೂ ಅಂಗೈ ಬಿಡಲಿಲ್ಲ.

ಇಲ್ಲಿ ಮುಂದೆ ಹೋಗುವ ಸರದಿ ನನ್ನದಾಗಿತ್ತು. ಎರಡನೆಯ ಸರಪಳಿಯ ನಡುವೆ ಗೆಳೆಯನ ಕಾಲು ಜಾರಿತು. ಕೈ ಬಿಡಲಿಲ್ಲವಾದ್ದರಿಂದ ಮೊಣಕಾಲು ತರಚಿದ್ದಷ್ಟೇ, ಆದರೆ ಮೇಲೆ ಬಂದಾಗ ಅವನ ಬೆರಳುಗಳು ನಡುಗುತ್ತಿದ್ದವು. ಯಾರು ಬೇಡವೆಂದರೂ ಕಾರಣ ಕೇಳಬಾರದೆಂದು ಬೆಂಗಳೂರಿನಲ್ಲೇ ಒಪ್ಪಂದ ಮಾಡಿಕೊಂಡಿದ್ದೆವು. ಅವನು ಮೆಟ್ಟಿಲಿನ ಕಡೆ ನೋಡಿದ, ನಾನೂ ಅತ್ತಲೇ ನಡೆದೆ. ಗುಡಿಯಿರುವ ಮಿಸೆನ್ ತುದಿ ಸೇರಿದಾಗ ಎದುರಿನ ಟೆಂಗುದಾಕೆ, ಅಂದರೆ ನಿಜವಾದ ಶಿಖರ, ಮೋಡದಲ್ಲಿ ಮರೆಯಾಗಿತ್ತು. ಅಲ್ಲಿಗೆ ಕತ್ತಿಯಲಗಿನಂಥ ಕಿರಿದಾದ ಬಂಡೆಯ ಏಣಿನ ಮೇಲೆ ಹೋಗಬೇಕು. ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಗೆಳೆಯ ಹೋಗೋಣವೆಂದ. ಗಾಳಿಯ ರಭಸ ಕಂಡು ಬೇಡವೆಂದವನು ಈ ಸಲ ನಾನು. ಅವನು ಒಂದು ಮಾತೂ ಆಡದೆ ಚೀಲ ಹೆಗಲಿಗೇರಿಸಿದ.

ನೀವು ಹೋಗುವುದಾದರೆ ಸೈಕಲ್ಲನ್ನು ಮುಂಗಡವಾಗಿ ಕಾದಿರಿಸಿ, ಇನ್ನೊಂದು ತುದಿಯಲ್ಲಿ ಬಿಡಲು ಅವಕಾಶವಿದೆಯೇ ಎಂದು ಆಗಲೇ ಖಚಿತಪಡಿಸಿಕೊಳ್ಳಿ. ಪರ್ವತಕ್ಕೆ ಹಿಡಿತವುಳ್ಳ ಕೈಗವಸು ಒಯ್ಯಿರಿ. ಮಳೆ ಬಂದರೆ ಸರಪಳಿಯ ಆಸೆ ಬಿಟ್ಟು ಮೆಟ್ಟಿಲಿನಲ್ಲೇ ಹತ್ತಿರಿ. ಕೊನೆಯ ರೋಪ್‌ವೇ ಮತ್ತು ಬಸ್ಸಿನ ಸಮಯವನ್ನು ಹತ್ತುವ ಮೊದಲೇ ಇಬ್ಬರೂ ಬರೆದಿಟ್ಟುಕೊಳ್ಳಿ, ಬಸ್ಸುಗಳು ದಿನಕ್ಕೆ ಕೆಲವೇ ಇರುತ್ತವೆ.