ಗುರ್‌ ಅಂದಾಗಲೇ ಕೇಳಿಸಿಕೊಳ್ಳಿ
ಸಾಕುಪ್ರಾಣಿ: ಓದುಗರ ಪ್ರಶ್ನೆ, ಧಾರವಾಡದ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟರ್‌ ಸಾಹೇಬ್ರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಐದು ವರ್ಷದ ಗಂಡು ಲ್ಯಾಬ್ರಡಾರ್‌ ಇದೆ, ಹೆಸರು ರಾಜಾ. ಮರಿಯಿದ್ದಾಗಿನಿಂದ ನಾವೇ ಸಾಕಿದ್ದು. ಈಗೀಗ ಉಣ್ಣುವಾಗ ಯಾರಾದರೂ ಹತ್ತಿರ ಸುಳಿದರೆ ಗುರ್‌ ಅನ್ನತೊಡಗಿತ್ತು. ಅಂದಾಗೆಲ್ಲ ನಮ್ಮನೆಯವರು ಬೆಲ್ಟಿನಿಂದ ಬಾರಿಸಿದರು. ಗುರ್‌ ಅನ್ನುವುದು ನಿಂತಿತು, ಸುಧಾರಿಸಿತು ಅಂದುಕೊಂಡೆವು. ಮೊನ್ನೆ ರವಿವಾರ ಮಟನ್‌ ಎಲುಬು ಕಚ್ಚಿಕೊಂಡು ಕಾಟಿನ ಕೆಳಗೆ ಹೋಗಿತ್ತು. ಒಂಬತ್ತು ವರ್ಷದ ಮಗ ಕೈ ಹಾಕಿದ. ಸದ್ದೇ ಮಾಡದೆ ಕಚ್ಚಿಬಿಟ್ಟಿತು. ಅಂಗೈ ಹರಿದು ರಕ್ತ ಬಂತು. ಅತ್ತೆಯವರು ಅರಿಷಿಣ ಒತ್ತಿ ಕಟ್ಟಿದರು. ಅವತ್ತಿನಿಂದ ಗೇಟಿನ ಹತ್ತಿರ ಸರಪಳಿಗೆ ಕಟ್ಟಿದ್ದೇವೆ. ಈಗ ಹಾಲಿನವರಿಗೂ ಹರಿಹಾಯುತ್ತದೆ. ‘ಅದಕ್ಕ ಹುಚ್ಚ ಹಿಡದೈತಿ, ಬೈಪಾಸ್‌ ದಾಟಿಸಿ ಬಿಟ್ಟ ಬರ್ರಿ’ ಅನ್ನುತ್ತಾರೆ ಅತ್ತೆ. ಪುಸ್ತಕ ತೆಗೆದು ನೋಡಿದರೆ ಈ ವರ್ಷದ ರೇಬೀಸ್‌ ಲಸಿಕೆ ಹಾಕಿಸಿಲ್ಲ. ಏನು ಮಾಡಲಿ?
– ಹೆಸರು ಬೇಡ, ನವನಗರ, ಹುಬ್ಬಳ್ಳಿ

ಉತ್ತರ: ತಂಗೀ, ನಾಯಿಯ ಮಾತು ಆಮೇಲೆ, ಮೊದಲು ಮಗನ ಕೈ. ಪತ್ರದಲ್ಲಿ ನಂಬರ್‌ ಇತ್ತು, ಓದಿದ ಕೂಡಲೇ ಫೋನ್‌ ಹಚ್ಚಿದೆ. ಹುಡುಗನಿಗೆ ಇಂಜೆಕ್ಷನ್‌ ಶುರುವಾಗಿದೆ ಎಂದು ನೀವು ಹೇಳಿದ ಮೇಲೆ ಸಮಾಧಾನವಾಯಿತು. ಉಳಿದವರಿಗೂ ತಿಳಿದಿರಲಿ ಎಂದು ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಾಯಿ ಕಚ್ಚಿದ ಗಾಯಕ್ಕೆ ಅರಿಷಿಣ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಬಿಗಿಯಾಗಿ ಕಟ್ಟಲೂ ಬಾರದು. ನಳದ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ನಳ ಬಂದಿರದಿದ್ದರೆ ತಂಬಿಗೆಯಿಂದ ಸುರಿಯುತ್ತಲೇ ಇರಿ. ಮಗು ಅಳುತ್ತಿರುವಾಗ 15 ನಿಮಿಷ ಬಹಳ ಉದ್ದ ಅನ್ನಿಸುತ್ತದೆ, ಎರಡು ನಿಮಿಷಕ್ಕೇ ಸಾಕು ಅಂದುಕೊಳ್ಳುತ್ತೇವೆ. ಹಾಗಾಗಬಾರದು, ಗಡಿಯಾರ ನೋಡಿಕೊಂಡೇ ತೊಳೆಯಿರಿ. ರೇಬೀಸ್‌ ವೈರಸ್‌ ಸೋಪಿಗೆ ನಾಶವಾಗುತ್ತದೆ, ಈ ಒಂದು ಕೆಲಸದಿಂದಲೇ ಅಪಾಯ ಬಹಳ ಇಳಿಯುತ್ತದೆ. ತೊಳೆದವರೇ ಸೀದಾ ಸರಕಾರಿ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುವ ಕಾಲ ಎಂದೋ ಮುಗಿದಿದೆ. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ರಕ್ತ ಬಂದ ಗಾಯವಾದರೆ ಅದರ ಜೊತೆಗೆ ಗಾಯದ ಸುತ್ತ, ವೈರಸ್ಸನ್ನು ಅಲ್ಲೇ ಕೂಡಲೇ ತಡೆಯುವ ಇಮ್ಯುನೊಗ್ಲಾಬ್ಯುಲಿನ್‌ ಕೂಡ ಬೇಕು. ಇದನ್ನು ಬಾಯಿಬಿಟ್ಟು ಕೇಳಿರಿ, ಸಂಕೋಚಪಡಬೇಡಿ. ನಾಟಿ ಔಷಧ ಕುಡಿಸುತ್ತಾ ಕೂತರೆ ಕೈಯಲ್ಲಿದ್ದ ಹೊತ್ತು ಹೋಗುತ್ತದೆ. ರೇಬೀಸ್‌ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮುಂದೆ ಉಳಿಸುವ ದಾರಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಇನ್ನು ಅತ್ತೆಯವರ ಮಾತು. ಕಚ್ಚಿದ ನಾಯಿಯನ್ನು ಬಿಟ್ಟು ಬರುವಷ್ಟು ಕೆಟ್ಟ ಯೋಚನೆ ಬೇರೆ ಇಲ್ಲ. ಕಚ್ಚಿದ ದಿನದಿಂದ 10 ದಿನ ಅದು ನಿಮ್ಮ ಕಣ್ಣೆದುರಿಗೇ ಇರಬೇಕು. ಹುಚ್ಚುನಾಯಿ ರೋಗವಿದ್ದ ನಾಯಿ ಆ ಅವಧಿಯೊಳಗೇ ಮಂಕಾಗಿ ಅಥವಾ ಕೆರಳಿ, ದವಡೆ ಜೋತುಬಿದ್ದು, ಜೊಲ್ಲು ಸುರಿಸಿ, ಬೊಗಳುವ ದನಿಯೇ ಬದಲಾಗಿ ಸಾಯುತ್ತದೆ. ಹತ್ತು ದಿನ ಉಂಡುಕೊಂಡು ಓಡಾಡಿಕೊಂಡು ಇತ್ತೆಂದರೆ, ಕಚ್ಚಿದ ಹೊತ್ತಿಗೆ ಅದರ ಜೊಲ್ಲಿನಲ್ಲಿ ರೋಗ ಇರಲಿಲ್ಲ ಎಂದರ್ಥ. ಹಾಗಂತ ಇಂಜೆಕ್ಷನ್‌ ಹಾಕಿಸದೆ ಹತ್ತು ದಿನ ಕಾಯಬೇಡಿ, ಎರಡೂ ಒಟ್ಟಿಗೇ ನಡೆಯಲಿ. ಸಾಕಿದ ಪ್ರಾಣಿಯನ್ನು ಬೀದಿಪಾಲು ಮಾಡುವುದು ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧವೂ ಹೌದು. ಕಾನೂನು ಹಾಗಿರಲಿ, ಐದು ವರ್ಷ ನಿಮ್ಮ ಮನೆಯ ರೊಟ್ಟಿ ತಿಂದ ಜೀವ ಅದು. ಬೈಪಾಸ್‌ ದಾಟಲು ಗೊತ್ತಿಲ್ಲ.

ಈಗ ರಾಜಾನ ವಿಚಾರ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಸದ್ದೇ ಮಾಡದೆ’ ಅನ್ನುವ ಮಾತು. ಐದು ವರ್ಷದ ನಾಯಿ ಮುನ್ಸೂಚನೆಯಿಲ್ಲದೆ ಕಚ್ಚುವುದನ್ನು ಒಂದೇ ದಿನದಲ್ಲಿ ಕಲಿಯುವುದಿಲ್ಲ. ಅದು ಗುರ್‌ ಅಂದು ‘ದೂರ ಇರ್ರಿ, ನನಗ ಭಯ ಆಗೇದ’ ಎಂದು ಹೇಳುತ್ತಿತ್ತು. ಹೇಳಿದಾಗೆಲ್ಲ ಬೆಲ್ಟು ಬಿತ್ತು. ಬೆಲ್ಟಿಗೆ ನಿಂತದ್ದು ಸದ್ದು ಮಾತ್ರ, ಭಯ ಇದ್ದಲ್ಲೇ ಉಳಿಯಿತು. ಜೊತೆಗೆ, ಊಟದ ಹೊತ್ತಿಗೆ ಮನುಷ್ಯರು ಹತ್ತಿರ ಬಂದರೆ ಏಟು ಬೀಳುತ್ತದೆ ಎಂಬ ಅದರ ಅನುಮಾನ ಖಾತ್ರಿಯಾಯಿತು. ಗುರ್‌ ಅನ್ನುವ ನಾಯಿ ಇನ್ನೂ ನಿಮ್ಮ ಜೊತೆ ಮಾತಾಡುತ್ತಿದೆ, ದಯವಿಟ್ಟು ಅದರ ಬಾಯಿ ಮುಚ್ಚಿಸಬೇಡಿ. ಈ ಮಾತನ್ನು ಧಾರವಾಡದಲ್ಲಿ ಎಷ್ಟು ಮನೆಗಳ ಪಡಸಾಲೆಯಲ್ಲಿ ಕೂತು ಹೇಳಿದ್ದೇನೋ, ಸಾಯುವತನಕ ಹೇಳುತ್ತೇನೆ.

ಸದ್ದು ಹೋಗಿದ್ದರೂ ಮೈ ಮಾತಾಡುತ್ತಿರುತ್ತದೆ. ದೂರದಿಂದ ಗಮನಿಸಿ. ತಾಟಿನಲ್ಲಿ ಮುಖವಿಟ್ಟ ನಾಯಿ ನೀವು ಬಂದ ಸಪ್ಪಳಕ್ಕೆ ಅಗಿಯುವುದನ್ನು ನಿಲ್ಲಿಸುತ್ತದೆ. ತಲೆ ಎತ್ತುವುದಿಲ್ಲ, ಇನ್ನಷ್ಟು ತಗ್ಗಿಸುತ್ತದೆ. ಹೆಗಲು ಸೆಟೆಯುತ್ತದೆ, ಮುಖ ತಿರುಗಿಸದೆ ಕಣ್ಣು ಮಾತ್ರ ನಿಮ್ಮ ಕಡೆ ಹೊರಳಿ ಬಿಳಿಭಾಗ ಕಾಣುತ್ತದೆ. ಕೆಲವು ಗಬಗಬ ನುಂಗತೊಡಗುತ್ತವೆ. ಬಾಲ ಅಲ್ಲಾಡುತ್ತಿದೆ ಎಂದು ಮೋಸ ಹೋಗಬೇಡಿ. ಮೇಲೆತ್ತಿ ಬಿರುಸಾಗಿ ಅಲ್ಲಾಡುವ ಬಾಲ ಸಂತೋಷದ್ದಲ್ಲ. ಆ ಕ್ಷಣ ನಿಂತು, ಕಣ್ಣಿಗೆ ಕಣ್ಣು ಕೊಡದೆ, ಹಿಂದೆ ಸರಿಯಿರಿ.

ಮುಂದಿನ ಕೆಲಸ ಆಸ್ಪತ್ರೆಯದು. ವಯಸ್ಸಿಗೆ ಬಂದ, ಸಾಧು ಸ್ವಭಾವದ ನಾಯಿ ಇದ್ದಕ್ಕಿದ್ದಂತೆ ಸಿಡುಕಾದರೆ ನಾನು ಮೊದಲು ನೋವು ಹುಡುಕುತ್ತೇನೆ. ಸಪ್ತಾಪುರದ ಒಂದು ಮನೆಯ ಲ್ಯಾಬ್ರಡಾರ್‌ ಮುಟ್ಟಿದರೆ ಬಾಯಿ ಹಾಕುತ್ತಿತ್ತು. ಬೆನ್ನು ಸವರಿದರೆ ಸುಮ್ಮನಿತ್ತು, ಕೈ ಎಡಗಿವಿಯ ಕಡೆ ಹೊರಟರೆ ಸಾಕು, ತುಟಿ ಮಡಚುತ್ತಿತ್ತು. ಕಿವಿ ಎತ್ತಿ ನೋಡಿದರೆ ಒಳಗೆಲ್ಲ ಕಂದು ಜಿಗುಟು, ಹುಳಿತ ವಾಸನೆ. ಮನೆಯ ಮಕ್ಕಳು ಮುದ್ದು ಮಾಡುವಾಗ ಹಿಡಿಯುತ್ತಿದ್ದದ್ದೇ ಆ ಕಿವಿ. ಸೋಂಕು ವಾಸಿಯಾದ ಮೇಲೆ ಸಿಡುಕೂ ಹೋಯಿತು. ಜೋತುಬಿದ್ದ ಕಿವಿಯ ಈ ತಳಿಗೆ ಕಿವಿ ಸೋರುವುದು ಮಾಮೂಲು, ಸೊಂಟದ ಕೀಲಿನ ತೊಂದರೆಯೂ ಹೆಚ್ಚು. ಹಲ್ಲು, ಉಣ್ಣಿ ಹುಳದಿಂದ ಬರುವ ಜ್ವರ, ಥೈರಾಯಿಡ್‌ ಎಲ್ಲವನ್ನೂ ನೋಡಿಸಿ. ಹತ್ತು ದಿನ ಕಳೆದ ಮೇಲೆ ಬಾಕಿಯಿರುವ ರೇಬೀಸ್‌ ಲಸಿಕೆ ಹಾಕಿಸಿ. ಬೀಜ ತೆಗೆಸುವ ಆಪರೇಷನ್‌ ಮಾಡಿಸಿದರೆ ಸರಿಹೋಗುತ್ತದೆಯೇ ಎಂದು ಫೋನಿನಲ್ಲಿ ಕೇಳಿದಿರಿ. ಊರು ಸುತ್ತುವುದು, ಗಂಡುನಾಯಿಗಳ ಜೊತೆ ಕಾದಾಡುವುದು ಅದರಿಂದ ತಗ್ಗಬಹುದು. ತಾಟು ಕಾಯುವ ಚಾಳಿ ಅದರಿಂದ ಹೋಗುವುದಿಲ್ಲ.

ಆ ಚಾಳಿಗೆ ಮದ್ದು ಬೇರೆ. ‘ತಾಟಿಗೆ ಕೈ ಹಾಕ್ರಿ, ಕಸಗೊಳ್ರಿ, ಯಜಮಾನ ಯಾರಂತ ತಿಳೀತದ’ ಎಂದು ಉಪದೇಶಿಸುವವರು ಓಣಿಗೊಬ್ಬರು ಸಿಗುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಕಸಿದುಕೊಂಡರೆ ಅದರ ಭಯವೇ ನಿಜವಾಗುತ್ತದೆ. ಸದ್ಯಕ್ಕೆ ಎಲುಬು ಪೂರ್ತಿ ಬಂದ್‌. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ, ಆದ್ದರಿಂದ ಮುಂದೆಯೂ ಕೊಡದಿದ್ದರೆ ಒಳ್ಳೆಯದು. ಊಟವನ್ನು ಒಂದು ಖೋಲಿಯಲ್ಲಿ ಹಾಕಿ ಬಾಗಿಲು ಮುಂದೆ ಮಾಡಿ, ಮಗ ಆ ಕಡೆ ಹೋಗದಿರಲಿ. ನಿತ್ಯ ಉಣ್ಣುವಾಗ ನೀವು – ಅದಕ್ಕೆ ಎಂದೂ ಹೊಡೆಯದವರು ನೀವೇ ಆದ್ದರಿಂದ – ಅದು ಸೆಟೆಯದಷ್ಟು ದೂರದಲ್ಲಿ ನಿಂತು, ಬೇಯಿಸಿದ ಕೋಳಿಯದೋ ತತ್ತಿಯದೋ ಒಂದು ತುಣುಕು ತಾಟಿನ ಕಡೆ ಎಸೆದು ಹೊರಟುಬಿಡಿ. ಅಷ್ಟೇ. ಮಾತು ಬೇಡ, ಮುಟ್ಟುವುದು ಬೇಡ. ನಿಮ್ಮನ್ನು ಕಂಡು ಅದು ತಾನಾಗಿ ತಲೆಯೆತ್ತಿ, ಮೈ ಸಡಿಲಬಿಟ್ಟು, ‘ಏನು ತಂದೀರಿ’ ಎಂಬಂತೆ ನೋಡಿದಾಗ ಒಂದು ಹೆಜ್ಜೆ ಮುಂದೆ ಹೋಗಿ. ಸೆಟೆದರೆ ಎರಡು ಹೆಜ್ಜೆ ಹಿಂದೆ. ಇದಕ್ಕೆ ವಾರಗಳು ಹಿಡಿಯುತ್ತವೆ, ಅವಸರ ಮಾಡಿದರೆ ಮೊದಲಿನ ಜಾಗಕ್ಕೇ ಬರುತ್ತೀರಿ. ಬಾಯಲ್ಲಿರುವುದನ್ನು ಬಿಡಿಸಬೇಕಾದಾಗಲೂ ಇದೇ ರೀತಿ: ಇನ್ನೂ ರುಚಿಯಾದದ್ದನ್ನು ಎರಡು ಮಾರು ದೂರ ಎಸೆಯಿರಿ, ಅದು ಎದ್ದು ಅಲ್ಲಿಗೆ ಹೋದ ಮೇಲೆ ಎತ್ತಿಕೊಳ್ಳಿ. ಮಗನಿಂದ ಈ ಅಭ್ಯಾಸ ಮಾಡಿಸಲೇಬೇಡಿ. ದೊಡ್ಡವರು ಕಣ್ಣಿಟ್ಟಿರದಾಗ ಮಗು, ನಾಯಿ ಇಬ್ಬರೇ ಒಂದು ಖೋಲಿಯಲ್ಲಿ ಇರಕೂಡದು.

ಗೇಟಿನ ಸರಪಳಿ ಇವತ್ತೇ ಬಿಚ್ಚಿಸಿ. ಓಡಿಹೋಗಲು ಆಗದ ನಾಯಿಗೆ ಉಳಿಯುವ ದಾರಿ ಮೈಮೇಲೆ ಬರುವುದೊಂದೇ. ಹಾಲಿನವರು ದಿನಾ ಬರುತ್ತಾರೆ, ಇದು ಬೊಗಳುತ್ತದೆ, ಅವರು ಹೋಗುತ್ತಾರೆ. ತಾನೇ ಓಡಿಸಿದೆ ಎಂದು ಇದು ತಿಳಿಯುತ್ತದೆ, ಮರುದಿನ ಇನ್ನೂ ಜೋರು. ಹಿತ್ತಲಿನಲ್ಲಿ ಬೀದಿ ಕಾಣದ ಕಡೆ ಜಾಗ ಕೊಡಿ. ಜನ ಬಂದಾಗ ಮೂತಿಗೆ ಹಾಕಲು ಬುಟ್ಟಿಯಂಥ ಮಝಲ್‌ ತನ್ನಿ, ಅದರಲ್ಲಿ ಬಾಯಿ ತೆರೆದು ತೇಕಬಹುದು, ನೀರೂ ಕುಡಿಯಬಹುದು. ಬಾಯಿ ಬಿಗಿಯುವ ಬಟ್ಟೆಯ ಪಟ್ಟಿ ನಮ್ಮ ಬಿಸಿಲಿಗೆ ಅಪಾಯ. ಒಮ್ಮೆಲೇ ತೊಡಿಸಬೇಡಿ, ಒಳಗೆ ಮೊಸರು ಸವರಿ ತಾನೇ ಮೂತಿ ತೂರಿಸುವಂತೆ ರೂಢಿ ಮಾಡಿಸಿ.

ಇಷ್ಟೆಲ್ಲ ಮಾಡಿಯೂ, ಯಾರಾದರೂ ಸುಮ್ಮನೆ ಹಾದುಹೋದರೂ ಸೆಟೆಯುತ್ತಿದ್ದರೆ, ಮಕ್ಕಳಿಲ್ಲದ, ನಾಯಿ ಸಾಕಿ ಗೊತ್ತಿರುವ ಮನೆ ಹುಡುಕುವುದು ತಪ್ಪಲ್ಲ. ಆದರೆ ಕಚ್ಚಿದ್ದನ್ನು ಮುಚ್ಚಿಟ್ಟು ಕೊಡಬೇಡಿ. ಯಜಮಾನರಿಗೆ ಹೇಳಿ, ಬೆಲ್ಟು ಸೊಂಟಕ್ಕೇ ಇರಲಿ. ಈ ಪತ್ರ ಅವರೂ ಓದಲಿ.

ಪ್ರಶ್ನೆ: ಸಾಹೇಬ್ರ, ನಂದು ಮುಂಡರಗಿ ಹತ್ರ ಹೊಲಮನಿ. ಎರಡು ವರ್ಷದ ಮುಧೋಳ ನಾಯಿ ಸಾಕೀನಿ. ಮನ್ಯಾಗ ಕುರಿಮರಿ ಇದ್ದಂಗ ಇರ್ತೈತಿ. ಬೈಕ್‌ ಕಂಡ್ರ ಮಾತ್ರ ಬೆನ್ನ ಹತ್ತತೈತಿ. ಮೊನ್ನೆ ಒಬ್ರು ಗಾಡಿ ಮ್ಯಾಲಿಂದ ಬಿದ್ದು ಮೊಣಕಾಲ ಕೆತ್ತಿಕೊಂಡ್ರು. ಕಟ್ಟಿ ಹಾಕಿದ್ರ ಇನ್ನೂ ಜೋರ ಆಗ್ತೈತಿ. ಈ ಜಾತೀನ ಸಿಟ್ಟಿಂದ ಏನ್ರಿ?
– ಒಬ್ಬ ರೈತ, ಗದಗ ಜಿಲ್ಲೆ

ಉತ್ತರ: ಅಲ್ಲರೀ ಗೌಡ್ರ, ಸಿಟ್ಟಿನ ಜಾತಿ ಅಲ್ಲ. ಓಡುವುದನ್ನು ಕಣ್ಣಿನಿಂದ ಕಂಡು ಬೆನ್ನಟ್ಟುವ ಬೇಟೆಯ ತಳಿ ಇದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಇದನ್ನು ಆಸ್ಥೆಯಿಂದ ಬೆಳೆಸಿದರು. 2005ರಲ್ಲಿ ಇದರ ಚಿತ್ರದ ಅಂಚೆಚೀಟಿಯೂ ಬಂತು. ಸೇನೆಯವರು ಕೂಡ ತರಬೇತಿಗೆ ಒಯ್ದಿದ್ದಾರೆ. ಮೊಲದ ಬದಲು ಬೈಕ್‌ ಓಡಿದರೂ ಅದರ ಕಣ್ಣಿಗೆ ಓಟವೇ ಕಾಣುತ್ತದೆ. ಆದರೆ ಬಿದ್ದವರಿಗೆ ಈ ವಿವರಣೆ ಬೇಕಿಲ್ಲ. ಮೊದಲು ಅವರ ಮನೆಗೆ ಹೋಗಿ ಮಾತಾಡಿ, ಆಸ್ಪತ್ರೆಯ ಖರ್ಚು ಕೊಟ್ಟು ಬನ್ನಿ. ಹಲ್ಲು ತಾಗಿತ್ತೇ ಎಂದು ಕೇಳಿ. ತಾಗಿದ್ದರೆ ಮೇಲೆ ಹೇಳಿದ ಇಂಜೆಕ್ಷನ್‌ ಅವರಿಗೂ ಬೇಕು. ಸಾಕಿದ ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಂ ಪ್ರಕಾರ 6 ತಿಂಗಳವರೆಗೆ ಶಿಕ್ಷೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ನಾಯಿಗೆ ಓಟ ಬೇಕು, ಅದನ್ನು ರಸ್ತೆಯಿಂದ ದೂರ ಕೊಡಿ. ಬೆಳಗು ಮುಂಜಾನೆ, ರಾಶಿ ಮುಗಿದ ಹೊಲದಲ್ಲಿ ಉದ್ದ ಹಗ್ಗ ಕಟ್ಟಿ ಮನಸಾರೆ ಓಡಿಸಿ. ಹಗ್ಗ ಕೊರಳಪಟ್ಟಿಗೆ ಬೇಡ, ಎದೆಗೆ ಹಾಕುವ ಪಟ್ಟಿಗಿರಲಿ. ಆ ವೇಗದಲ್ಲಿ ಜಗ್ಗಿದರೆ ತೆಳ್ಳನೆಯ ಕತ್ತಿಗೆ ಪೆಟ್ಟಾಗುತ್ತದೆ. ಓಡಿ ದಣಿದ ಮೇಲೆ ರಸ್ತೆ ಕಾಣುವಂತೆ, ಆದರೆ ಬಹಳ ದೂರದಲ್ಲಿ, ಅದರ ಜೊತೆ ಕೂತುಕೊಳ್ಳಿ. ಬೈಕ್‌ ಕಂಡು ಕಿವಿ ನಿಮಿರಿದ ಕೂಡಲೇ ಹೆಸರು ಕರೆದು, ತಿರುಗಿ ನೋಡಿದರೆ ಬಾಯಿಗೆ ತಿನಿಸು. ಜಗ್ಗತೊಡಗಿದ ಮೇಲೆ ಕರೆದರೆ ಅದಕ್ಕೆ ಕೇಳಿಸದು, ಅಂಥಾಗ ಇನ್ನೂ ದೂರ ಹೋಗಿ. ರಸ್ತೆ ಬದಿಗೆ ಎತ್ತರದ ಬೇಲಿ ಆಗಲೇಬೇಕು, ಗಿಡ್ಡ ಬೇಲಿಯನ್ನು ಇವು ಲೀಲಾಜಾಲವಾಗಿ ಹಾರುತ್ತವೆ. ತಳಿಯ ಬಗ್ಗೆ ಇನ್ನೂ ತಿಳಿಯಬೇಕೆಂದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ, ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ನಮ್ಮ ಮರಿಗೆ ಎರಡೂವರೆ ತಿಂಗಳು. ಕೈ, ಕಾಲು, ಲಂಗ ಎಲ್ಲ ಕಚ್ಚುತ್ತದೆ. ‘ಖಾರ ಮೆಣಸಿನಕಾಯಿ ತಿನ್ನಿಸಿ ಕತ್ತಲ ಖೋಲ್ಯಾಗ ಇಟ್ರ ಜೋರ ನಾಯಿ ಆಗ್ತದ’ ಅಂತಾರೆ ಅಜ್ಜ. ನಿಜವೇ?
– ಕಾಲೇಜು ವಿದ್ಯಾರ್ಥಿನಿ, ರಾಣೆಬೆನ್ನೂರು

ಉತ್ತರ: ಇಲ್ಲವ್ವಾ, ಖಾರದಿಂದ ಅದರ ಹೊಟ್ಟೆ ಉರಿಯುತ್ತದೆ, ಬೇಧಿಯಾಗುತ್ತದೆ. ಕತ್ತಲೆಯಿಂದ ಅಂಜುಬುರುಕ ನಾಯಿ ತಯಾರಾಗುತ್ತದೆ, ಮನೆಮಂದಿಯನ್ನೇ ಕಚ್ಚುವುದು ಅಂಥವೇ. ಮೂರು ವಾರದಿಂದ ಮೂರು ತಿಂಗಳವರೆಗಿನ ಕಾಲ ಮರಿಗೆ ಲೋಕ ಪರಿಚಯವಾಗುವ ಕಾಲ. ನಿನ್ನ ಕೈಯಲ್ಲಿ ಉಳಿದಿರುವುದು ಎರಡೇ ವಾರ. ಪಾರ್ವೊ ಎಂಬ ರಕ್ತಬೇಧಿ ರೋಗದ ಲಸಿಕೆಗಳು ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡದೆ, ಎತ್ತಿಕೊಂಡು ಓಣಿ ತಿರುಗು. ಗಡ್ಡದವರು, ಕೊಡೆ ಹಿಡಿದವರು, ಟ್ರ್ಯಾಕ್ಟರ್‌ ಸದ್ದು, ಆಡುವ ಮಕ್ಕಳು, ಎಲ್ಲವನ್ನೂ ದೂರದಿಂದ ತೋರಿಸು, ತೋರಿಸುವಾಗ ಬಾಯಿಗೊಂದು ತುಣುಕು ಇಡು. ಈಗ ಕಚ್ಚುವುದು ಹಾಲುಹಲ್ಲಿನ ಆಟ. ಹಲ್ಲು ತಾಗಿದ ಕೂಡಲೇ ಆಟ ನಿಲ್ಲಿಸಿ ಎದ್ದುಬಿಡು, ತುಸು ಹೊತ್ತಿನ ಮೇಲೆ ಗಂಟು ಹಾಕಿದ ಹಳೆ ಬಟ್ಟೆ ಕೊಟ್ಟು ಮತ್ತೆ ಆಡು. ಮೂತಿಗೆ ಹೊಡೆಯಬೇಡ. ಮೂರು ತಿಂಗಳು ತುಂಬಿದ ವಾರ ರೇಬೀಸ್‌ ಲಸಿಕೆಗೆ ಸರಕಾರಿ ಪಶು ಆಸ್ಪತ್ರೆಗೆ ಹೋಗುವಾಗ ಅಜ್ಜನನ್ನೂ ಕರೆದುಕೊಂಡು ಹೋಗು. ಮೆಣಸಿನಕಾಯಿಯ ವಿಷಯವನ್ನು ಅಲ್ಲಿನ ಡಾಕ್ಟರ ಬಾಯಿಂದಲೇ ಕೇಳಲಿ.