ಆನ್‌ಲೈನ್ ಪಾವತಿ ಸೇವೆ ಸ್ಟ್ರೈಪ್‌ನ ಖಾತೆ ಸಿಗುತ್ತಿಲ್ಲ. ಭಾರತದಿಂದ ವಿದೇಶಿ ಗ್ರಾಹಕರಿಗೆ ಇ-ಪುಸ್ತಕ, ಟೆಂಪ್ಲೇಟ್ ಮಾರಿ ಹಣ ಪಡೆಯುವುದು ಹೇಗೆ?

ಸ್ಟ್ರೈಪ್ 2024ರಲ್ಲಿ ಭಾರತದ ಹೊಸ ಖಾತೆಗಳನ್ನು ಆಹ್ವಾನಿತರಿಗೆ ಸೀಮಿತಗೊಳಿಸಿತು. ಅದಕ್ಕಾಗಿ ಕಾಯುತ್ತ ಕೂರಬೇಡಿ. ಪೇಪಾಲ್ 2021ರ ಏಪ್ರಿಲ್‌ನಿಂದ ದೇಶದೊಳಗಿನ ಪಾವತಿ ನಿಲ್ಲಿಸಿದ್ದರೂ ವಿದೇಶದ ಹಣ ತರುತ್ತದೆ. ಪ್ಯಾನ್, ಬ್ಯಾಂಕ್ ಖಾತೆ, ಪರ್ಪಸ್ ಕೋಡ್ (ಹಣ ಯಾವುದಕ್ಕಾಗಿ ಬಂತೆಂದು ತಿಳಿಸುವ ಸಂಕೇತ) ಕೊಟ್ಟರೆ ಮುಗಿಯಿತು, ಹಣ ತಾನಾಗಿಯೇ ಬ್ಯಾಂಕಿಗೆ ಹೋಗುತ್ತದೆ. ಎಡವಟ್ಟಾಗುವುದು ಹೆಚ್ಚಾಗಿ ಹೆಸರಿನಲ್ಲಿ: ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದು, ಪಾಸ್‌ಬುಕ್‌ನಲ್ಲಿ ಬರೀ 'ಎಚ್.' ಅಂತಿದ್ದರೆ ಹಣ ವಾಪಸ್ಸಾಗಬಹುದು.

ಯುರೋಪಿನ ಗ್ರಾಹಕರೇ ಹೆಚ್ಚಿದ್ದರೆ ಪ್ಯಾಡಲ್‌ನಂಥ 'ಮರ್ಚೆಂಟ್ ಆಫ್ ರೆಕಾರ್ಡ್' ಸೇವೆ, ಅಂದರೆ ಗ್ರಾಹಕರಿಗೆ ತಾನೇ ಅಧಿಕೃತ ಮಾರಾಟಗಾರನಾಗಿ ನಿಲ್ಲುವ ಸೇವೆ, ಮೇಲು. ಐರೋಪ್ಯ ಒಕ್ಕೂಟದ ಖಾಸಗಿ ಗ್ರಾಹಕರಿಗೆ ಡಿಜಿಟಲ್ ಸರಕು ಮಾರುವ ಹೊರಗಿನವರು ಮೊದಲ ಮಾರಾಟದಿಂದಲೇ ವ್ಯಾಟ್ ಕಟ್ಟಬೇಕು. ಇಂಥ ಸೇವೆ ಬಳಸಿದರೆ ಆ ತಲೆನೋವು ಆ ಸೇವೆಯವರದಾಗುತ್ತದೆ. ಕಮಿಷನ್ ಜಾಸ್ತಿ, ನಿಜ.

ಜಿಎಸ್‌ಟಿ ನೋಂದಣಿ ಇದ್ದರೆ ಪ್ರತಿ ಹಣಕಾಸು ವರ್ಷ ಆರ್‌ಎಫ್‌ಡಿ-11 ನಮೂನೆಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಿ. ಮರೆತರೆ ರಫ್ತಿಗೂ ಐಜಿಎಸ್‌ಟಿ (ಅಂತರರಾಜ್ಯ ವಹಿವಾಟು, ರಫ್ತಿಗೆ ಅನ್ವಯಿಸುವ ಜಿಎಸ್‌ಟಿ) ಕಟ್ಟಿ, ಆಮೇಲೆ ರೀಫಂಡ್ ಕೇಳಬೇಕಾಗುತ್ತದೆ.